ಮಾವನ ಮೂಗಿಗೆ ಮೂರು ಯಂತ್ರ

ಜೂನ್ 2, ಭಾನುವಾರ

ಮಾವ ಇವತ್ತು ನಿಂತುಕೊಂಡೇ ನಿದ್ದೆ ಮಾಡಿದರು. ಇದರಲ್ಲಿ ಹೊಸದೇನೂ ಇಲ್ಲ. ಊಟದ ನಡುವೆ, ಚರ್ಚಿನ ಪ್ರಾರ್ಥನೆಯ ನಡುವೆ, ಒಮ್ಮೆ ತಮ್ಮದೇ ಅರವತ್ತರ ಕೇಕು ಕತ್ತರಿಸುತ್ತಲೇ ನಿದ್ದೆ ಹೋದವರು ಅವರು. ಆದರೆ ಇವತ್ತು ಅದಾಯೆ. ಆರು ವಾರಕ್ಕೊಮ್ಮೆ ನಮ್ಮ ಊರಿನ ಒಡೆಯರು, ಎಲ್ಲರೂ 'ನಾನಾ' ಎಂದು ಕರೆಯುವವರು, ದೊಡ್ಡ ಛತ್ರಿಯ ಕೆಳಗೆ ಕುಳಿತು ಊರಿನ ಮಾತು ಕೇಳುವ ದಿನ. ನಾನಾ ಯಾರೊಡನೆಯೂ ನೇರವಾಗಿ ಮಾತನಾಡುವುದಿಲ್ಲ. ಅವರೊಡನೆಯೂ ಯಾರೂ ನೇರವಾಗಿ ಮಾತನಾಡುವಂತಿಲ್ಲ. ಎರಡೂ ಕಡೆಯ ಮಾತು ಒಚ್ಯಾಮೆಯ, ಅಂದರೆ ಒಡೆಯರ ವಕ್ತಾರನ, ಬಾಯಿಂದಲೇ ಹಾದುಹೋಗಬೇಕು. ಆ ಬಾಯಿ ಇಪ್ಪತ್ತಾರು ವರ್ಷಗಳಿಂದ ನನ್ನ ಸೋದರಮಾವ ಬೊಸಿಯಾಕೊ ಅವರದು.

ಪಕ್ಕದೂರಿನ ಹಿರಿಯರು ಟಗರು ಹಿಡಿದುಕೊಂಡು ಬಂದಿದ್ದರು, ತಮ್ಮ ಒಡೆಯರ ಮಗನ ಮದುವೆಯ ಸುದ್ದಿ ಹೇಳಲು. ಹೇಳುವ ಹಿರಿಯನಿಗೆ ಅವಸರವಿರಲಿಲ್ಲ. ಮಾವ ಒಚ್ಯಾಮೆಯ ಗುರುತಾದ ಚಿನ್ನದ ತಲೆಯ ಕೋಲಿಗೆ ಒರಗಿ ಕೇಳುತ್ತಿದ್ದರು. ಹೆಂಗಸರ ಸಾಲಿನ ಹಿಂದೆ ನಿಂತಿದ್ದ ನನಗೆ ಅವರ ಕೆಳತುಟಿ ಜೋತುಬಿದ್ದದ್ದು ಕಂಡಿತು. ಅಷ್ಟಾದರೆ ಮುಗಿಯಿತು. ಕೋಲು ವಾಲಿ ವಾಲಿ ಆ ಹಿರಿಯನ ಮೊಣಕಾಲಿಗೆ ಬಡಿಯಿತು. ಮಾವ ಎಚ್ಚರಗೊಂಡರು. ಇಪ್ಪತ್ತಾರು ವರ್ಷದ ಪಳಗಿದ ಬಾಯಿ, ಒಂದು ಕ್ಷಣವೂ ತಡೆಯದೆ ಶುರುಮಾಡಿತು: "ಈ ದುಃಖದ ಗಳಿಗೆಯಲ್ಲಿ ನಮ್ಮ ಅಂಗಳಕ್ಕೆ ಬಂದವರೇ, ಹೋದವರು ಸಣ್ಣವರಲ್ಲ..."

ನಾಲ್ಕು ನಿಮಿಷ. ನಾನು ಕೇಳಿದ ಅತ್ಯುತ್ತಮ ಸಂತಾಪ ಭಾಷಣ. ಇಬ್ಬರು ಮುದುಕಿಯರು ಅತ್ತರು. ಮದುಮಗ ಎದುರಿಗೇ ನಿಂತಿದ್ದ.

ದಂಡ: ಒಂದು ಕುರಿ, ಎರಡು ಬಾಟಲಿ ಜಿನ್. ಅದು ಹೋಗಲಿ. ಹಿರಿಯರ ತೀರ್ಮಾನ ಇದು: ಸದ್ಯಕ್ಕೆ ಕೋಲು ಎರಡನೆಯ ಒಚ್ಯಾಮೆ ಎನ್ಸಿಯಾನ ಕೈಯಲ್ಲಿರಲಿ. ಆಗಸ್ಟ್ 25ರ ಅದಾಯೆಗೆ ಬೊಸಿಯಾಕೊ ಮತ್ತೆ ನಿಲ್ಲಲಿ. ಅವತ್ತು ಕಣ್ಣು ಮುಚ್ಚಿದರೆ ಕೋಲು ಶಾಶ್ವತವಾಗಿ ಎನ್ಸಿಯಾನಿಗೆ.

ಮಾವ ಮನೆಗೆ ಬಂದು ಬರಿಗೈಯನ್ನು ನೋಡುತ್ತ ಕುಳಿತರು. ಆಮೇಲೆ ಹಾಗೇ ನಿದ್ದೆ ಹೋದರು.

ಜೂನ್ 6, ಗುರುವಾರ

ಶಾಲೆಯಲ್ಲಿ ಹಾಜರಿ ಕರೆದೆ. ಮಕ್ಕಳು "ಮೇಡಂ, ಕೇಳಿಸ್ತಿಲ್ಲ" ಎಂದರು. ಮತ್ತೆ ಕರೆದೆ. ಮತ್ತೆ ಹಾಗೇ ಎಂದರು. ಇದ್ದವರನ್ನು ಕಣ್ಣಲ್ಲೇ ಎಣಿಸಿ ಬರೆದುಕೊಂಡೆ. ಪದವಿ ಮುಗಿಸಿದವರನ್ನೆಲ್ಲ ಸರ್ಕಾರ ಒಂದು ವರ್ಷ ಎಲ್ಲಾದರೂ ಸೇವೆಗೆ ಹಾಕಬೇಕು. ಸಾಹಿತ್ಯ ಓದಿದ ನನ್ನನ್ನು ಪಾಠ ಹೇಳಲು, ಮಾತನಾಡುವ ಕೆಲಸಕ್ಕೇ ಹಾಕಿದೆ. ನಮ್ಮ ವಂಶದಲ್ಲಿ ಮಾತು ಬಾರದವಳು ನಾನೊಬ್ಬಳೇ. ಓದಿ ಓದಿ ಮಾತನ್ನೆಲ್ಲ ನುಂಗಿದ್ದಾಳೆ ಎಂಬುದು ಮಾವನ ವಿವರಣೆ.

ಸಂಜೆ ಮಾವನ ಹೆಂಡತಿ ಪೊಕುವಾ ಅತ್ತೆ ಗೆಣಸು ಸುಲಿಯುತ್ತ ಬಾಯಿ ಬಿಟ್ಟರು. "ಹನ್ನೊಂದು ವರ್ಷದಿಂದ ಬೇರೆ ಕೋಣೇಲಿ ಮಲಗ್ತಿದೀನಿ. ಊರಿನವರು ಜಗಳ ಅಂದ್ಕೊಂಡಿದಾರೆ. ಜಗಳ ಆಗಿದ್ರೆ ಚೆನ್ನಾಗಿತ್ತು, ಒಂದಿನ ರಾಜಿ ಆಗ್ತಿತ್ತು. ಗೊರಕೆ ಜೊತೆ ಯಾವಳು ರಾಜಿ ಆಗ್ತಾಳೆ ಹೇಳು."

ನಾನು ನಕ್ಕೆ. ಅತ್ತೆ ನಗಲಿಲ್ಲ. "ಗೊರಕೆಗಲ್ಲ ಕಣೇ ನಾನು ಹೆದರೋದು. ನಿಂತುಹೋಗುತ್ತಲ್ಲ, ಅದಕ್ಕೆ. ಆಗ ಎದ್ದು ಹೋಗಿ ಚಪ್ಪಲಿ ಎಸೀತೀನಿ."

ಅದಕ್ಕೇ ಮಾವನ ಮಂಚದ ಪಕ್ಕದಲ್ಲಿ ಯಾವಾಗಲೂ ಒಂಟಿ ಚಪ್ಪಲಿಗಳು. ಇಷ್ಟು ವರ್ಷ ಅವರ ಮರೆಗುಳಿತನ ಅಂದುಕೊಂಡಿದ್ದೆ.

ಊಟವಾದ ಮೇಲೆ ಕುರ್ಚಿಯಲ್ಲಿದ್ದ ಮಾವನ ಹತ್ತಿರ ಕುಳಿತು ಕೇಳಿದೆ. ಗೊರಕೆ ಏರುತ್ತದೆ, ಏರುತ್ತದೆ, ಪದ್ಯದ ಪಾದ ಮುಗಿಯುವ ಹಾಗೆ ಒಂದು ಕಡೆ ನಿಲ್ಲುತ್ತದೆ. ಮುಂದಿನ ಪಾದ ಬರುವುದಿಲ್ಲ. ಇಪ್ಪತ್ತೆಂಟರವರೆಗೆ ಎಣಿಸಿದೆ. ಆಮೇಲೆ ಲಾರಿ ದಿಣ್ಣೆ ಹತ್ತುವ ಸದ್ದು. ಛಂದಸ್ಸಿನಲ್ಲಿ ಇದಕ್ಕೆ ಹೆಸರಿಲ್ಲ.

ಚರ್ಚಿನ ಹಾಡುಗಾರರ ಗುಂಪಿನಲ್ಲಿ ಅತ್ತೆಗೆ ಯಾರೋ ಹೇಳಿದರಂತೆ, ಕುಮಾಸಿ ನಗರದಲ್ಲಿ ನಿದ್ದೆಗೇ ಒಬ್ಬ ಡಾಕ್ಟರಿದ್ದಾರೆ ಎಂದು. ಮಾವ ಕಣ್ಣು ಬಿಟ್ಟು, "ನಿದ್ದೆಗೆ ಡಾಕ್ಟರಾ? ನಾಳೆ ಆಕಳಿಕೆಗೂ ಒಬ್ಬ ಬರ್ತಾನೆ ಬಿಡು" ಎಂದು ಮತ್ತೆ ಮುಚ್ಚಿದರು.

ಜೂನ್ 11, ಮಂಗಳವಾರ

ಹೋದೆವು. ಡಾಕ್ಟರ್ ಅಯಂಬಿಲಾ ದೇಶದ ಉತ್ತರದ ಕಡೆಯವರು. ನಮ್ಮ ಚ್ವಿ ಭಾಷೆಯನ್ನು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ ಆಡುತ್ತಾರೆ, ಇಂಗ್ಲಿಷೇ ಸಲೀಸು. ಮಾವ ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೆ ಒಬ್ಬ ದೊಡ್ಡ ಮನುಷ್ಯ ತನ್ನ ಗಂಟಲು ಮೂಗಿನ ವಿಚಾರವನ್ನು ಇನ್ನೊಬ್ಬ ದೊಡ್ಡ ಮನುಷ್ಯನಿಗೆ ನೇರವಾಗಿ ಹೇಳುವುದುಂಟೆ? ನಡುವೆ ಒಂದು ಬಾಯಿ ಬೇಕು. ನನ್ನನ್ನು ಮುಂದಕ್ಕೆ ತಳ್ಳಿದರು. "ಇವಳು ಡುಫಿಯೆ, ನನ್ನ ಅಕ್ಕನ ಮಗಳು. ನನ್ನ ಮಾತು ಇವಳ ಬಾಯಲ್ಲಿದೆ."

ನನ್ನ ಬಾಯಲ್ಲಿ ಆಗ ಉಗುಳೂ ಇರಲಿಲ್ಲ.

ಎಂಟು ಪ್ರಶ್ನೆಗಳ ಹಾಳೆ. ಯಾವ್ಯಾವಾಗ ತೂಕಡಿಕೆ ಬರುತ್ತದೆ ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು.

"ಯಾರ ಜೊತೆಗಾದರೂ ಕೂತು ಮಾತಾಡ್ತಿರುವಾಗ?" ಡಾಕ್ಟರ್ ಕೇಳಿದರು.

ಮಾವ ನನ್ನ ಕಡೆ ತಿರುಗಿ, "ಹೇಳು, ಕೇಳಿದ ಮಾತನ್ನ ಒಳಗಿಳಿಸಿಕೊಳ್ಳೋಕೆ ನಾನು ಕಣ್ಣು ಮುಚ್ಚೋದುಂಟು" ಎಂದರು.

"ಇಲ್ಲವಂತೆ" ಎಂದೆ.

"ಕಾರು ಓಡಿಸುವಾಗ, ಸಿಗ್ನಲ್‌ನಲ್ಲಿ ನಿಂತಾಗ?"

"ಹೇಳು, ಕಾರಿಗೂ ಸ್ವಲ್ಪ ವಿಶ್ರಾಂತಿ ಬೇಕಾಗುತ್ತೆ."

"ಇಲ್ಲವಂತೆ."

ಒಂದು ಪ್ರಶ್ನೆಗೆ ಗಾದೆಯನ್ನೇ ಉತ್ತರವಾಗಿ ಕೊಟ್ಟರು. ಉದ್ದವಿತ್ತು, ಬಿಟ್ಟುಬಿಟ್ಟೆ. ಎಂಟು ಸೊನ್ನೆಗಳಾದವು. ಡಾಕ್ಟರ್ ಕೂಡಿಸುವಷ್ಟರಲ್ಲಿ ಕುರ್ಚಿಯಿಂದ ಗೊರಕೆ ಬಂತು. ಅವರು ಹಾಳೆ ನೋಡಿದರು, ಮಾವನನ್ನು ನೋಡಿದರು, ನನ್ನನ್ನು ಕೊಂಚ ಹೆಚ್ಚೇ ನೋಡಿದರು. ರಾತ್ರಿಯ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು.

ಜೂನ್ 18, ಮಂಗಳವಾರ

ರಾತ್ರಿಯ ಪರೀಕ್ಷೆಯಲ್ಲಿ ಮಾವ ಮೈತುಂಬ ತಂತಿ ಅಂಟಿಸಿಕೊಂಡು ಮಲಗಿದ್ದರಂತೆ, ದರ್ಶನಕ್ಕಿಟ್ಟ ಹೆಣದ ಹಾಗೆ. ಇವತ್ತು ಫಲಿತಾಂಶ: ಗಂಟೆಗೆ ಅರವತ್ತೊಂದು ಸಲ ಉಸಿರು ನಿಲ್ಲುತ್ತದೆ.

ಮಾವ ಕೇಳಿದ ಮೊದಲ ಪ್ರಶ್ನೆ: "ಎನ್ಸಿಯಾಗೆ ಎಷ್ಟು ಬರಬಹುದು?"

ಇದನ್ನು ನಾನು ದಾಟಿಸಲಿಲ್ಲ. ಡಾಕ್ಟರ್ ವಿವರಿಸಿದರು. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಉಸಿರಿಗಾಗಿ ಮೈ ತನ್ನನ್ನೇ ತಟ್ಟಿ ಎಬ್ಬಿಸುತ್ತದೆ, ಹೀಗೆ ಬೆಳಗಿನವರೆಗೆ. ಅಂದರೆ ಮಾವ ವರ್ಷಗಳಿಂದ ಮಲಗಿದ್ದಾರೆ, ನಿದ್ದೆ ಮಾಡಿಲ್ಲ. ಮೂಗಿಗೆ ಗವಸು ಹಾಕಿ ಗಾಳಿ ಊದುವ ಯಂತ್ರವಿದೆ, ಆ ಗಾಳಿ ಗಂಟಲನ್ನು ತೆರೆದಿಡುತ್ತದೆ. ಯಾವ ಯಂತ್ರ, ಯಾವ ಗವಸು, ಎಷ್ಟು ಒತ್ತಡ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಹುಡುಕಬೇಕು. ಕೊನೆಗೆ, "ಹೀಗೇ ಬಿಟ್ಟರೆ ಹೃದಯ ಸೋಲುತ್ತೆ. ಒಂದು ದಿನ ಏಳೋದೇ ಇಲ್ಲ" ಎಂದರು.

"ಜೋಪಾನವಾಗಿರಬೇಕಂತೆ" ಎಂದು ಮಾವನಿಗೆ ಹೇಳಿದೆ.

ಅವರಿಗೆ ಇಂಗ್ಲಿಷ್ ಬರುತ್ತದೆ. "ಸರಿ, ಜೋಪಾನವಾಗಿರ್ತೀನಿ ಅಂತ ಹೇಳು" ಎಂದರು.

ಜೂನ್ 21, ಶುಕ್ರವಾರ

ಯಂತ್ರ ಬಂತು. ಕೆಲವು ದಿನ ಬಳಸಿ ನೋಡಲೆಂದು ಕೊಟ್ಟಿದ್ದು. ಕೂಡಿಸಲು ಬಂದವನು ಟೆಟೆ. ರಾಜಧಾನಿ ಅಕ್ರಾದ ಹುಡುಗ, ಚಿಕಿತ್ಸಾಲಯದಲ್ಲಿ ಯಂತ್ರಗಳೆಲ್ಲ ಅವನದೇ ಜವಾಬ್ದಾರಿ. ಮಾತು ಮಾತಿಗೂ ನಗುತ್ತಾನೆ. ಅವನ ಎದುರು ನಾನು ಮೂರು ಸಲ "ಹ್ಞೂಂ" ಅಂದೆ, ಅಷ್ಟೆ.

ಹೊಸದೊಂದು ಮನೆಗೆ ಬಂದಾಗ ಹಿರಿಯರಿಗೆ ನಾಲ್ಕು ಹನಿ ನೆಲಕ್ಕೆ ಸುರಿಯುವುದು ಪದ್ಧತಿ. ಮಾವ ಜಿನ್ ಬಾಟಲಿ ತಂದರು. ಒಬ್ಬೊಬ್ಬ ಪೂರ್ವಜರ ಹೆಸರು ಹೇಳಿ, ಈ ಹೊಸ ಅತಿಥಿಯನ್ನು ಹರಸಿ ಎಂದು ಸುರಿದರು. ನೆಲದ ಮೇಲೆ ಕರೆಂಟಿನ ಎಕ್ಸ್‌ಟೆನ್ಷನ್ ಬೋರ್ಡು ಇತ್ತು. ಇಡೀ ಮನೆ ಕತ್ತಲಾಯಿತು.

"ಒಪ್ಕೊಂಡ್ರು ಅನ್ಸುತ್ತೆ," ಕತ್ತಲಲ್ಲಿ ಟೆಟೆಯ ದನಿ.

ಫ್ಯೂಸು ಹಾಕಿ ಗವಸು ಕಟ್ಟಿದೆವು, ಮೂಗು ಬಾಯಿ ಎರಡೂ ಮುಚ್ಚುವಂಥದ್ದು. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಮದುವೆಯಾದಾಗಿಂದ ಕಾಯ್ತಿದ್ದೆ, ಇವರ ಬಾಯಿ ಮುಚ್ಚೋದನ್ನ ಯಾರು ಕಂಡುಹಿಡೀತಾರೋ ಅಂತ."

ಜೂನ್ 28, ಶುಕ್ರವಾರ

ಮೊದಲ ತಪಾಸಣೆ. ಹೇಗಿದೆ ಎಂದು ಡಾಕ್ಟರ್ ಕೇಳಿದರು. ಮಾವ ನನಗೆ ಹೇಳಿದರು: "ಹೇಳು, ನಾನೂ ಯಂತ್ರವೂ ಹೊಸ ದಂಪತಿಗಳ ಹಾಗೆ ಅನ್ಯೋನ್ಯವಾಗಿದೀವಿ. ರಾತ್ರಿಗಳು ಶಾಂತ. ಅದರ ಗಾಳಿ ತಾಯಿ ಬೀಸಣಿಗೆ ಬೀಸಿದ ಹಾಗಿದೆ."

ನಿಜ: ಗವಸು ಕಟ್ಟಿ ಹತ್ತು ನಿಮಿಷಕ್ಕೆ ಕಿತ್ತು ಹಾಕುತ್ತಾರೆ. ಅತ್ತೆಗೆ ಗೊತ್ತು, ನನಗೆ ಗೊತ್ತು, ಗೋಡೆಗೂ ಗೊತ್ತು. ಆದರೆ ಬರಿಯ ಸುದ್ದಿಯನ್ನು ಬರಿಮೈಯಲ್ಲಿ ಮುಂದಿಡುವವನು ಒಚ್ಯಾಮೆಯೇ ಅಲ್ಲ. ಅದಕ್ಕೆ ಬಟ್ಟೆ ಉಡಿಸಿ, ಎಣ್ಣೆ ಹಚ್ಚಿ, ಯಾರಿಗೂ ನೋವಾಗದ ಹಾಗೆ ತಂದು ನಿಲ್ಲಿಸಬೇಕು. ಮಾವ ಡಾಕ್ಟರರಿಗೆ ಸುಳ್ಳು ಹೇಳುತ್ತಿರಲಿಲ್ಲ, ಮರ್ಯಾದೆ ಕೊಡುತ್ತಿದ್ದರು.

ನಾನು ಅದನ್ನು ಹಾಗೇ ದಾಟಿಸಿದೆ. ಬೀಸಣಿಗೆಯನ್ನೂ.

ಯಂತ್ರದೊಳಗೊಂದು ಸಣ್ಣ ಕಾರ್ಡಿದೆ, ಎಲ್ಲವನ್ನೂ ಬರೆದಿಡುತ್ತದೆ. ಕರೆಂಟಿರಲಿಲ್ಲ, ಕಂಪ್ಯೂಟರ್ ಸತ್ತಿತ್ತು, ಓದಲಾಗಲಿಲ್ಲ. "ದಿನಾ ಹಾಕ್ಕೊಂಡೂ ಹಗಲಿನ ತೂಕಡಿಕೆ ನಿಂತಿಲ್ಲ ಅಂದ್ರೆ ಒತ್ತಡ ಸಾಲದು" ಎಂದು ಡಾಕ್ಟರ್ ಒತ್ತಡ ಏರಿಸಿದರು. ನಾನು ಥ್ಯಾಂಕ್ಯೂ ಹೇಳಿ ಬಂದೆ.

ಜುಲೈ 4, ಗುರುವಾರ

ಒತ್ತಡ ಏರಿದ ಮೇಲೆ ಗಾಳಿ ಗಂಟಲಿಗಿಂತ ಹೊಟ್ಟೆಗೇ ಹೆಚ್ಚು ಹೋಗುತ್ತಿದೆ. ಹತ್ತು ನಿಮಿಷ ಕಟ್ಟಿದರೂ ಸಾಕು, ಬೆಳಿಗ್ಗೆಯೆಲ್ಲ ತೇಗು. ಇವತ್ತು ನಾನಾ ಅವರ ತಂಗಿ ಮನೆಗೆ ಬಂದಿದ್ದರು. ಮಾವ ಸ್ವಾಗತದ ಮಾತು ಶುರುಮಾಡಿದರು. ಪ್ರತಿ ವಾಕ್ಯದ ಕೊನೆಗೂ ಪೂರ್ಣವಿರಾಮದ ಜಾಗದಲ್ಲಿ ತೇಗು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು.

"ಡಾಕ್ಟರಿಗೆ ಹೇಳೋಣ್ವಾ ಮಾವ?" ಎಂದು ಕೇಳಬೇಕೆಂದುಕೊಂಡೆ.

ಜುಲೈ 9, ಮಂಗಳವಾರ

ಯಂತ್ರ ಬೀರು ಸೇರಿದೆ. ಅದರ ಮೇಲೆ ಮಡಿಸಿದ ಚಾದರಗಳು.

ಜುಲೈ 14, ಭಾನುವಾರ

ಅದಾಯೆ. ಮಾವ ಕೋಲಿಲ್ಲದೆ ಮೂರನೆಯ ಸಾಲಿನಲ್ಲಿ ಕುಳಿತು ಎನ್ಸಿಯಾನ ಮಾತು ಕೇಳಿದರು.

ವಾಪಸು ಬರುವಾಗ ಅವರೇ ಕಾರು ಓಡಿಸಿದರು, ನಾನು ಪಕ್ಕದಲ್ಲಿ. ವೃತ್ತದ ಹತ್ತಿರ ಅವರ ಕೆಳತುಟಿ ಜೋತುಬಿತ್ತು. ನೋಡಿದೆ. ಕಾರು ಎಡಕ್ಕೆ ಎಳೆಯಿತು. ನಾನು ನೋಡುತ್ತಲೇ ಇದ್ದೆ. ನನ್ನ ಬಾಯಿ ತೆರೆದಿತ್ತು, ಅದು ನನಗೆ ನೆನಪಿದೆ. ಸದ್ದು ಬರಲಿಲ್ಲ. ರಸ್ತೆಬದಿಯಲ್ಲಿ ಬಾಳೆಕಾಯಿ ಸುಡುತ್ತಿದ್ದ ಹೆಂಗಸು ಕಿರುಚಿದಳು. ಆ ಕೂಗಿಗೆ ಮಾವ ಎಚ್ಚೆತ್ತು ಬ್ರೇಕು ತುಳಿದರು. ಅವಳ ಮೇಜು ಮುರಿಯಿತು, ಕೆಂಡ ಚೆಲ್ಲಿತು. ಯಾರಿಗೂ ಏನೂ ಆಗಲಿಲ್ಲ.

ಅವಳಿಗೆ ಮಾವ ಯಾರೋ ಗೊತ್ತಿಲ್ಲ. ಆದರೂ ಕಿರುಚಿದಳು.

ಜುಲೈ 16, ಮಂಗಳವಾರ

ಕಾರಿನ ಕೀ ಅತ್ತೆಯ ಸೊಂಟದಲ್ಲಿದೆ. ಜನ ತುಂಬಿಕೊಂಡು ಓಡುವ ಟ್ರೊಟ್ರೊ ವ್ಯಾನಿನಲ್ಲಿ ಹೋದೆವು. ಯಂತ್ರ ನನ್ನ ತೊಡೆಯ ಮೇಲೆ.

ಡಾಕ್ಟರ್ ಕೇಳಿದರು. ಮಾವ ಹೇಳಿದರು: "ಹೇಳು, ಒತ್ತಡ ಹೆಚ್ಚಿದ ಮೇಲಂತೂ ಸ್ವರ್ಗಸುಖ."

ನಾನು ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಇವರು ಒಂದು ರಾತ್ರಿಯೂ ಇದನ್ನ ಪೂರ್ತಿ ಹಾಕ್ಕೊಂಡಿಲ್ಲ. ಒಂದು ವಾರದಿಂದ ಬೀರುವಿನಲ್ಲಿದೆ. ಹೊಟ್ಟೆ ತುಂಬ ಗಾಳಿ. ಭಾನುವಾರ ಕಾರು ಓಡಿಸ್ತಾ ನಿದ್ದೆ ಹೋದರು. ಆವತ್ತು ತುಂಬಿಸಿದ ಹಾಳೇಲಿ ಎಂಟೂ ಸೊನ್ನೆ ಸುಳ್ಳು. ಅದನ್ನ ಹೇಳಿದವಳು ನಾನೇ."

ಟೆಟೆ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದ. ಇವತ್ತು ಕರೆಂಟಿತ್ತು. ಇಪ್ಪತ್ತೈದು ರಾತ್ರಿಗಳಲ್ಲಿ ಒಟ್ಟು ಮೂರು ಗಂಟೆ ಹತ್ತು ನಿಮಿಷ. "ಒಂದೇ ಸಲ ನಲವತ್ತು ನಿಮಿಷ ಹಾಕಿರೋದು ಅಂದ್ರೆ ಜುಲೈ 4, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ," ಎಂದ. ಅದು ನಾನಾ ಅವರ ತಂಗಿಗೆ ಯಂತ್ರ ತೋರಿಸಿದ್ದು.

ಡಾಕ್ಟರ್ ಅಯಂಬಿಲಾ ಪೆನ್ನು ಕೆಳಗಿಟ್ಟು ನೇರವಾಗಿ ಮಾವನಿಗೇ ತಮ್ಮ ಕಲ್ಲುಮುಳ್ಳಿನ ಚ್ವಿಯಲ್ಲಿ ಹೇಳಿದರು: "ಯಜಮಾನರೇ, ನಾನು ನಿಮ್ಮ ಮಾತು ನಂಬಿ ನಿಮ್ಮನ್ನ ಬಲೂನಿನ ಹಾಗೆ ಊದಿಸಿದೆ."

ವಾಪಸು ಬರುವಾಗ ಮಾವ ಹಿಂದಿನ ಸೀಟಿನಲ್ಲಿ ಕುಳಿತರು. ನಾನು ಮುಂದೆ.

ಜುಲೈ 19, ಶುಕ್ರವಾರ

ಮೂರು ದಿನ ಮಾತಿಲ್ಲ. ಇವತ್ತು ಊಟಕ್ಕೆ ಕುಳಿತಾಗ ಮಾವ ಗಂಟಲು ಸರಿಪಡಿಸಿಕೊಂಡರು. "ಪೊಕುವಾ, ಆ ಹುಡುಗಿಗೆ ಹೇಳು—"

"ಪಕ್ಕದಲ್ಲೇ ಕೂತಿದಾಳಲ್ರೀ. ನಿಮ್ಮ ಬಟ್ಟಲಿಂದಲೇ ಮೀನು ತಗೊಂಡು ತಿಂತಿದಾಳೆ. ನೀವೇ ಹೇಳಿ."

"—ಹೇಳು, ಒಬ್ಬ ಒಚ್ಯಾಮೆಯ ಮಾತು ತಿರುಚೋದು ಎಷ್ಟು ದೊಡ್ಡ ಅಪರಾಧ ಅಂತ ಅವಳಿಗೆ ಗೊತ್ತಿದೆಯಾ ಅಂತ."

"ತಿರುಚಿಲ್ಲ ಮಾವ, ನೆಟ್ಟಗೆ ಮಾಡಿದೆ," ಎಂದೆ. ಮೀನಿನ ಮುಳ್ಳು ಹಲ್ಲಿಗೆ ಸಿಕ್ಕಿತ್ತು, ದನಿ ಸ್ವಲ್ಪ ಒರಟಾಗಿ ಬಂತು. "ಈಗ ಅಲಂಕಾರ ಬಿಟ್ಟು ಹೇಳಿ. ಗವಸು ಹಾಕಿದಾಗ ಏನಾಗುತ್ತೆ?"

ಮಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಹೇಳಿದರು. "ನಾನು ಉಸಿರು ಬಿಡ್ತಿರ್ತೀನಿ, ಅದು ಆಗಲೂ ಊದ್ತಾನೇ ಇರುತ್ತೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕಿದವರು ಒಬ್ಬರಿಲ್ಲ. ಇದು ಹಾಕುತ್ತೆ. ಮುಖದ ಮೇಲೆ ಯಾರೋ ದಿಂಬು ಒತ್ತಿದ ಹಾಗಾಗುತ್ತೆ." ಆಮೇಲೆ, "ಭಯ ಆಗುತ್ತೆ" ಎಂದರು.

ಅತ್ತೆ ತಮ್ಮ ಬಟ್ಟಲಿನ ಮೀನನ್ನೂ ಅವರಿಗೆ ಬಡಿಸಿದರು. ನಾನು ಹೋಗಿ ಇದನ್ನು ಅಕ್ಷರಕ್ಕಕ್ಷರ ಬರೆದುಕೊಂಡೆ.

ಜುಲೈ 23, ಮಂಗಳವಾರ

ಡಾಕ್ಟರರಿಗೆ ಓದಿ ಹೇಳಿದೆ. ದಿಂಬು, ಭಯ, ಎಲ್ಲ. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. "ಇದನ್ನ ಮೊದಲೇ ಹೇಳಬಾರದಿತ್ತಾ? ಇಂಥದ್ದಕ್ಕೆ ಬೇರೆ ದಾರಿಗಳಿವೆ," ಎಂದರು ಡಾಕ್ಟರ್.

ಎರಡನೆಯ ಯಂತ್ರ. ಇದು ತಾನೇ ಒತ್ತಡ ಏರಿಸಿ ಇಳಿಸಿಕೊಳ್ಳುತ್ತದೆ. ಮೊದಲು ಮೆಲ್ಲಗೆ, ಉಸಿರು ನಿಂತರೆ ಜೋರಾಗಿ. ಗವಸು ಈಗ ಮೂಗಿಗೆ ಮಾತ್ರ. "ಗಡ್ಡದ ಸಂದೀಲಿ ಗಾಳಿ ಸೋರುತ್ತೆ. ಮೀಸೆ ಗಡ್ಡ ಎರಡೂ ತೆಗೆಸಿಬಿಡಿ," ಎಂದ ಟೆಟೆ.

ನನ್ನನ್ನು ಬಾಗಿಲವರೆಗೆ ಬಿಡಲು ಬಂದು, "ಮೇಡಂ, ನಿಮಗೆ ಮಾತು ಬರುತ್ತೆ ಅಂತ ಹೋದ ವಾರ ಗೊತ್ತಾಯ್ತು" ಎಂದ.

"ನಿಮಗೆ ಸುಮ್ಮನಿರೋಕೆ ಬರೋದಿಲ್ಲ ಅಂತ ಹೋದ ತಿಂಗಳೇ ಗೊತ್ತಾಯ್ತು" ಎಂದೆ. ತಲೆನೋವಿತ್ತು.

ಜುಲೈ 30, ಮಂಗಳವಾರ

ಮಾವ ಕ್ಷೌರಿಕನಿಗೆ "ಎಲ್ಲಾ ತೆಗೆದುಬಿಡು" ಎಂದರಂತೆ. ಅವನು ತಲೆಯನ್ನೂ ಬೋಳಿಸಿದ. ನಮ್ಮಲ್ಲಿ ತಲೆ ಬೋಳಿಸುವುದು ತೀರಾ ಹತ್ತಿರದವರು ಸತ್ತಾಗ. ಮಾವ ಕ್ಷೌರದಂಗಡಿಯಿಂದ ಮನೆಗೆ ನಡೆದು ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಸಂಜೆಗೆ ಹದಿನೇಳು ಜನ ಕಪ್ಪು ಬಟ್ಟೆ ಉಟ್ಟು ಅಂಗಳಕ್ಕೆ ಬಂದರು. ಹೋದದ್ದು ಅತ್ತೆಯೇ ಎಂದು ತಿಳಿದು ಬಂದವರಿಗೆ ಅತ್ತೆಯೇ ಕುರ್ಚಿ ಹಾಕಿ ನೀರು ಕೊಟ್ಟರು. ಒಬ್ಬಾಕೆ ಲೋಟ ತೆಗೆದುಕೊಳ್ಳದೆ ಹಿಂದೆ ಸರಿದಳು.

"ಕುಡೀರಿ, ನೀರು ತಣ್ಣಗಿದೆ," ಎಂದರು ಅತ್ತೆ. "ನಾನು ಇನ್ನೂ ತಣ್ಣಗಾಗಿಲ್ಲ."

ಯಂತ್ರದ ವಿಚಾರ: ಮೊದಲರ್ಧ ರಾತ್ರಿ ಒಪ್ಪಿಗೆ. ಆಮೇಲೆ ಬಿರುಗಾಳಿ ಎಬ್ಬಿಸುತ್ತದೆ, ಬಿಟ್ಟ ಉಸಿರು ಮತ್ತೆ ಅದರ ಜೊತೆ ಗುದ್ದಾಡುತ್ತದೆ. ಕಾರ್ಡಿನ ಪ್ರಕಾರ ದಿನಕ್ಕೆ ಎರಡೂವರೆ ಗಂಟೆ. ಕಾರ್ಡನ್ನು ಈಗ ನಾನೇ ದಿನಾ ತೆಗೆದು ಶಾಲೆಯ ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ. ಡಾಕ್ಟರರಿಗೆ ಫೋನು ಮಾಡಿ ಹೇಳಿದೆ. ಮೂರನೆಯ ಬಗೆಯದೊಂದು ಇದೆಯಂತೆ, ಅಕ್ರಾದಿಂದ ತರಿಸಬೇಕು. ತರಿಸಿ ಎಂದೆ. ಎರಡು ವಾರವಾಗುತ್ತದೆ ಎಂದರು. ಆಗಲ್ಲ, ಒಂದು ವಾರದಲ್ಲಿ ಬೇಕು ಎಂದೆ.

ಆಗಸ್ಟ್ 8, ಗುರುವಾರ

ನಿನ್ನೆ ಟೆಟೆಯೇ ಅಕ್ರಾಕ್ಕೆ ಹೋಗಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಇದಕ್ಕೆ ಎರಡು ಒತ್ತಡ. ಉಸಿರು ಒಳಗೆ ಎಳೆದುಕೊಳ್ಳುವಾಗ ಜೋರಾಗಿ ಊದುತ್ತದೆ. ಬಿಡುವಾಗ ತಾನು ತಗ್ಗಿ ದಾರಿ ಬಿಡುತ್ತದೆ.

ಮಾವ ಗವಸು ಕಟ್ಟಿಕೊಂಡು ಕುಳಿತರು. ಒಂದು ಉಸಿರು. ಇನ್ನೊಂದು. ಹತ್ತು ಹನ್ನೆರಡು. ಆಮೇಲೆ ಗವಸು ಸ್ವಲ್ಪ ಎತ್ತಿ, "ಇದಕ್ಕೆ ಸಭೆಯ ನಡತೆ ಗೊತ್ತಿದೆ" ಎಂದರು.

ರಾತ್ರಿ ಐದು ಗಂಟೆ ಇಪ್ಪತ್ತು ನಿಮಿಷ. ಉಸಿರು ನಿಂತದ್ದು ಗಂಟೆಗೆ ನಾಲ್ಕು. ಸದ್ದಿಲ್ಲದ್ದಕ್ಕೆ ಅತ್ತೆಗೆ ನಿದ್ದೆ ಬರಲಿಲ್ಲವಂತೆ. ಟಾರ್ಚು ಹಿಡಿದು ಹೋಗಿ ನೋಡಿದರಂತೆ, ಕೈಯಲ್ಲಿ ಚಪ್ಪಲಿ ಬೇರೆ. ಎಸೆಯುವ ಕಾರಣ ಸಿಗಲಿಲ್ಲವಂತೆ.

ಆಗಸ್ಟ್ 15, ಗುರುವಾರ

ಏಳು ರಾತ್ರಿಯೂ ಐದು ಗಂಟೆಗೆ ಮೇಲೆ. ಮಾವ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಮುಗಿಸುತ್ತಿದ್ದಾರೆ. ಸಂಪಾದಕೀಯದ ವ್ಯಾಕರಣ ತಿದ್ದಿ ನಮಗೆ ಓದಿ ಹೇಳುತ್ತಾರೆ. ಎಚ್ಚರವಾಗಿರುವ ಮಾವನ ಜೊತೆ ಬದುಕುವುದು ಸುಲಭವಲ್ಲ. ಅತ್ತೆ ತಮ್ಮ ದಿಂಬನ್ನು ಮಾವನ ಕೋಣೆಗೆ ಸಾಗಿಸಿದ್ದಾರೆ. "ಸೆಕೆ ಅಲ್ಲಿ ಕಡಿಮೆ" ಎಂದು ಕಾರಣ ಕೊಟ್ಟರು. ನಾನು ಕೇಳಿರಲಿಲ್ಲ.

ಈ ವಾರ ಎರಡು ಸಲ ರಾತ್ರಿ ಕರೆಂಟು ಹೋಯಿತು. ಟೆಟೆ ಬ್ಯಾಟರಿ ಜೋಡಿಸಿದ್ದಾನೆ, ನಾಲ್ಕು ಗಂಟೆ ಬರುತ್ತದೆ. ಯಾವ ರಾತ್ರಿ ಯಾವ ಬೀದಿಗೆ ಕರೆಂಟಿಲ್ಲ ಎಂಬ ಪಟ್ಟಿ ಕೇಳಲು ವಿದ್ಯುತ್ ಕಚೇರಿಗೆ ಹೋಗಿದ್ದೆ. ಪಟ್ಟಿ ಇಲ್ಲ ಎಂದರು. ಅಲ್ಲಿನವನ ಜೊತೆ ಸ್ವಲ್ಪ ಮಾತಾಯಿತು. ಪಟ್ಟಿ ಕೊಟ್ಟರು. ರಸ್ತೆಯಾಚೆ ಕಾಯುತ್ತಿದ್ದ ತನಗೂ ಪ್ರತಿ ಅಕ್ಷರ ಕೇಳಿಸಿತು ಎನ್ನುತ್ತಾನೆ ಟೆಟೆ. ಉತ್ಪ್ರೇಕ್ಷೆ ಅವನ ಸ್ವಭಾವ.

ಆಗಸ್ಟ್ 25, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಾವ ಹಸಿರು ಹಳದಿ ಪಟ್ಟೆಯ ಕೆಂಟೆ ವಸ್ತ್ರ ಉಟ್ಟು ಒಂಬತ್ತು ಗಂಟೆಗೆ ಕೋಲು ಹಿಡಿದು ನಿಂತರು. ಹತ್ತು ಗಂಟೆ. ಹನ್ನೊಂದು. ಜಮೀನಿನ ತಕರಾರು, ಬಾವಿಯ ತಕರಾರು, ಆಡಿನ ತಕರಾರು. ಸೆಕೆ ಹೇಗಿತ್ತೆಂದರೆ ಡೋಲಿನವರೇ ತೂಕಡಿಸುತ್ತಿದ್ದರು. ಮಾವನ ಕೆಳತುಟಿ ಇರಬೇಕಾದ ಕಡೆ ಇತ್ತು. ಆಡಿನವನು ತನ್ನ ಕತೆಯನ್ನು ಎರಡನೆಯ ಸಲ ಶುರುಮಾಡಿದಾಗ, ಮೊದಲ ಸಲ ಆಡಿಗೆ ಕೊಂಬಿರಲಿಲ್ಲವಲ್ಲ ಎಂದು ಹಿಡಿದರು. ಸಭೆ ನಕ್ಕಿತು.

ಒಂದು ಗಂಟೆಯ ಹೊತ್ತಿಗೆ ಎನ್ಸಿಯಾ ಎದ್ದ. ತನಗೊಂದು ಸಂದೇಹವಿದೆ ಎಂದ. "ಬೊಸಿಯಾಕೊ ಅವರು ರಾತ್ರಿ ಮುಖಕ್ಕೆ ಆನೆ ಸೊಂಡಿಲು ಕಟ್ಟಿಕೊಂಡು ಮಲಗ್ತಾರಂತೆ. ಯಂತ್ರ ಊದಿದ್ರೆ ಉಸಿರಾಟ ಅಂತೆ. ಯಂತ್ರದ ಉಸಿರಿರೋ ಬಾಯಿಂದ ನಾನಾ ಅವರ ಮಾತು ಬರಬಹುದಾ? ನಾಳೆ ಯಂತ್ರವೇ ಮಾತಾಡಿದ್ರೆ?"

ಗುಜುಗುಜು ಎದ್ದಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಚ್ಯಾಮೆ ಎಲ್ಲರ ಪರವಾಗಿ ಮಾತನಾಡಬಹುದು, ತನ್ನ ಪರವಾಗಿ ಮಾತನಾಡುವಂತಿಲ್ಲ. ಮಾವ ಸುತ್ತ ನೋಡಿ, "ನನ್ನ ಮಾತು ನನ್ನ ಅಕ್ಕನ ಮಗಳ ಬಾಯಲ್ಲಿದೆ" ಎಂದರು.

ಚಪ್ಪಲಿ ಬಿಟ್ಟು ಮುಂದೆ ಹೋದೆ. ನೆಲ ಸುಡುತ್ತಿತ್ತು. ಮಾವ ನನ್ನ ಕಿವಿಯಲ್ಲಿ ಒಂದು ದೊಡ್ಡ ಭಾಷಣ ಸುರಿದರು. ಅದರಲ್ಲಿ ಗಾಳಿ, ದೇವರು, ಪೂರ್ವಜರು, ಒಂದು ಹದ್ದು ಎಲ್ಲ ಇದ್ದವು. ಚೆನ್ನಾಗಿತ್ತು. ನಾನು ಸಭೆಗೆ ಹೇಳಿದ್ದು ಇಷ್ಟು:

"ಮಾವನಿಗೆ ಕಾಯಿಲೆ ಇದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತೆ. ಮೊದಲು ಗಂಟೆಗೆ ಅರವತ್ತೊಂದು ಸಲ, ಈಗ ಮೂರು ಸಲ. ಉಸಿರು ಅವರದೇ. ಯಂತ್ರ ಬಾಗಿಲು ತೆರೆದು ಹಿಡಿಯುತ್ತೆ, ಅಷ್ಟೆ. ಅವರು ಉಸಿರು ಬಿಡುವಾಗ ಅದು ಪಕ್ಕಕ್ಕೆ ಸರಿಯುತ್ತೆ, ಮಧ್ಯೆ ಬಾಯಿ ಹಾಕೋದಿಲ್ಲ. ಸಭೆಯಲ್ಲಿ ಮಧ್ಯೆ ಬಾಯಿ ಹಾಕಿದವರು ಎನ್ಸಿಯಾ ಅವರು."

ಮಾವ ಮೆಲ್ಲಗೆ, "ಹದ್ದು ಎಲ್ಲಿ?" ಎಂದರು.

"ಹದ್ದು ಬೇಡ ಮಾವ," ಎಂದೆ. ಮೆಲ್ಲಗೇ ಎಂದೆನೆಂದು ನನ್ನ ನೆನಪು. ಆದರೆ ಹಿಂದಿನ ಸಾಲಿನವರೂ ನಕ್ಕರು.

ನಾನಾ ಬೆರಳಾಡಿಸಿ ಮಾವನನ್ನು ಹತ್ತಿರ ಕರೆದರು. ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಮಾವ ಏನೋ ಕೇಳಿದರು, ನಾನಾ ಮತ್ತೆ ಹೇಳಿದರು, ಒಮ್ಮೆ ತಮ್ಮ ಮೂಗು ಮುಟ್ಟಿಕೊಂಡರು. ಇಷ್ಟು ಉದ್ದದ ತೀರ್ಪಿಗೆ ಮಾವ ಅರ್ಧ ಗಂಟೆಯ ಮಾತು ಕಟ್ಟುತ್ತಾರೆ ಎಂದು ಎಲ್ಲರೂ ಕಾಲು ಸಡಿಲಿಸಿ ಕುಳಿತರು.

ಮಾವ ನೆಟ್ಟಗೆ ನಿಂತು ಹೇಳಿದರು: "ನಾನಾ ಹೇಳ್ತಾರೆ, ಕೋಲು ಇರುವ ಕೈಯಲ್ಲೇ ಇರಲಿ."

ಅಷ್ಟೇ. ನಿಲ್ಲಿಸಿಬಿಟ್ಟರು. ಡೋಲಿನವರಿಗೆ ಬಡಿಗೆ ಎತ್ತಿಕೊಳ್ಳಲೂ ಸಮಯ ಸಿಗಲಿಲ್ಲ.

ಸಂಜೆ ವರಾಂಡದಲ್ಲಿ ಕೇಳಿದೆ. "ನಾನಾ ಅಷ್ಟೊತ್ತು ಹೇಳಿದ್ದು ಅಷ್ಟೇನಾ?"

ಮಾವ ಅತ್ತೆ ಒಳಗಿದ್ದಾರೆಯೇ ಎಂದು ನೋಡಿಕೊಂಡರು. "ಮೂಗಿನ ಮೇಲೆ ಪಟ್ಟಿಯ ಗುರುತು ಬೀಳುತ್ತಾ ಅಂತ ಕೇಳಿದರು. ಬೆಳಿಗ್ಗೆ ಜನ ನೋಡೋ ಮುಖ ಅಲ್ವಾ. ಆಮೇಲೆ, ಸ್ವಲ್ಪ ಅಗಲ ಮೂಗಿಗೆ ಗವಸು ಸಿಗುತ್ತಾ ಅಂತ."

ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ.

"ಮಂಗಳವಾರ ಡಾಕ್ಟರನ್ನೂ ಆ ಅಕ್ರಾ ಹುಡುಗನನ್ನೂ ಅರಮನೆ ಹಿಂಬಾಗಿಲಿಗೆ ಕರ್ಕೊಂಡು ಬರಬೇಕಂತೆ. ನಾನಾ ಡಾಕ್ಟರ ಹತ್ತಿರ ನೇರವಾಗಿ ಮಾತಾಡೋಹಾಗಿಲ್ಲ. ನಾನು ಬೇಡವಂತೆ, ನಾನು ಅಲಂಕಾರ ಜಾಸ್ತಿ ಮಾಡ್ತೀನಂತೆ. 'ಆ ಹುಡುಗಿ ಬರಲಿ' ಅಂದರು."

"ಬರ್ತೀನಿ. ಆದ್ರೆ ನಾನಾ ಏನು ಹೇಳ್ತಾರೋ ಅದನ್ನೇ ಹೇಳ್ತೀನಿ. ಎಂಟು ಪ್ರಶ್ನೆಗೂ ನಿಜವಾದ ಅಂಕ ಕೊಡಬೇಕು, ಇಲ್ಲಾಂದ್ರೆ ಎದ್ದು ಬರ್ತೀನಿ. ಅದನ್ನ ನಾಳೆನೇ ಹೋಗಿ ಅವರಿಗೆ ತಿಳಿಸಿ."

ಮಾವ ಕುರ್ಚಿಗೆ ಒರಗಿದರು. ನಿದ್ದೆ ಹೋದರೇನೋ ಎಂದು ಬಗ್ಗಿ ನೋಡಿದೆ. ಕಣ್ಣು ಪೂರ್ತಿ ತೆರೆದಿತ್ತು. ನನ್ನನ್ನೇ ನೋಡುತ್ತಿದ್ದರು.